ಸೆಲ್ ಹಾಕೋ ಹಳೇ ಜಪಾನ್ ವಾಚು ಕೂಡಿಡೋರು ತುಮಕೂರ ಕಡೆ ಯಾರಾದ್ರೂ ಇದೀರಾ?

ಬಟವಾಡಿ ಹುಡುಗ · ಭಾನುವಾರ ರಾತ್ರಿ

ಎಲ್ರಿಗೂ ನಮಸ್ಕಾರ. ಇವತ್ತು ಮೊದಲ್ನೇ ಟ್ರೈನಿಗೇ ಬೆಂಗಳೂರಿಗೆ ಹೋಗಿ ಸಂಡೇ ಬಜಾರ್ ಸುತ್ಕೊಂಡು ಬಂದೆ. ಒಬ್ರು ತಾತ ಗೋಣಿಚೀಲ ಹಾಸ್ಕೊಂಡು ಹಳೇ ರೇಡಿಯೋ ಸಾಮಾನು, ಬೀಗ, ಕ್ಯಾಲ್ಕುಲೇಟರು ಎಲ್ಲ ಹರಡ್ಕೊಂಡಿದ್ರು, ಅದ್ರ ಮಧ್ಯೆ ಒಂದು ಬಿಸ್ಕತ್ ಡಬ್ಬಿ ತುಂಬಾ ನಿಂತೋಗಿರೋ ವಾಚುಗಳು. ಬಂದೋರೆಲ್ಲ ಎಚ್‌ಎಂಟಿ ಇದ್ಯಾ, ಫೇವರ್ ಲೂಬಾ ಇದ್ಯಾ ಅಂತ ಕೇಳೋದು, ಇದು ಸೆಲ್ ವಾಚು ಅಂತ ಗೊತ್ತಾದ ತಕ್ಷಣ ಡಬ್ಬಿಗೆ ವಾಪಸ್ ಹಾಕಿ ಹೋಗೋದು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಕ್ಕಾಲು ಗಂಟೆ ಒಂದೊಂದೇ ತಿರುಗಿಸಿ ನೋಡ್ದೆ. ಮೂರು ಆರಿಸ್ಕೊಂಡೆ, ಮೂರೂ ಸೇರಿ 900 ರೂಪಾಯಿ.

ಮೊದಲ್ನೇದು ಸೀಕೋ. ಹಿಂದಿನ ಮುಚ್ಚಳದ ಮೇಲೆ 7546 ಅಂತ ಶುರುವಾಗೋ ನಂಬರ್ ಇದೆ. ನೀಲಿ ಡಯಲ್ಲು, ಬಿಸಿಲಿಗೆ ಹಿಡಿದ್ರೆ ನಡುವಿಂದ ಅಂಚಿನ ತನಕ ರೇಕು ರೇಕಾಗಿ ಬೆಳಕು ಓಡುತ್ತೆ. ವಾರದ ಕಿಂಡೀಲಿ ಜಪಾನಿ ಅಕ್ಷರ ಇದೆ, ಅಂದ್ರೆ ಅದು ಜಪಾನಿನ ಒಳಗೇ ಮಾರಿದ್ದ ಮಾಲು, ಇಲ್ಲೀತನಕ ಹೆಂಗೆ ಬಂತೋ. ಎರಡನೇದು ರಿಕೋ, ಡಯಲ್ ಮೇಲೆ ರಿಕ್ವಾರ್ಟ್ಜ್ ಅಂತ ಬರ್ದಿದೆ, ಚಿನ್ನದ ಬಣ್ಣದ ಚೌಕ ಕೇಸು. ಮೂರನೇದು ಸಿಟಿಜನ್ ಕ್ರಿಸ್ಟ್ರಾನ್, ಉಕ್ಕಿನ ಕೇಸು, ಭಾರ ಇದೆ, ಗ್ಲಾಸ್ ಮೇಲೆ ಗೀರು ತುಂಬಿದೆ. ಒಂದೂ ಓಡ್ತಿಲ್ಲ.

ನಾನು ಎರಡು ವರ್ಷದಿಂದ ಇಂಥವೇ ಹುಡುಕ್ತಿರೋದು. ದುಡ್ಡಿಗೆ ಅಲ್ಲ. ಎಪ್ಪತ್ತರ ಕೊನೆ, ಎಂಬತ್ತರ ಮೊದಲಲ್ಲಿ ಜಪಾನಿನೋರು ಮಾಡಿದ ಕ್ವಾರ್ಟ್ಜ್ ವಾಚು, ಅಂದ್ರೆ ಈ ಸೆಲ್ ವಾಚಿದೆಯಲ್ಲ, ಅದನ್ನ ಬಿಚ್ಚಿ ರಿಪೇರಿ ಮಾಡ್ಲಿ ಅಂತಲೇ ಕಟ್ಟಿದ್ದು. ಒಳಗೆ ಲೋಹದ ಚಕ್ರ, ಚಕ್ರದ ಮೊನೆ ಕೂರೋ ಕಲ್ಲು, ಸ್ಕ್ರೂ ಎಲ್ಲಾ ಇರುತ್ತೆ. ನಮ್ಮೂರಲ್ಲಿ ಇದನ್ನ ಯಾರೂ ಬಿಚ್ಚಲ್ಲ, ಸೆಲ್ ಹಾಕ್ತಾರೆ, ಓಡ್ಲಿಲ್ಲ ಅಂದ್ರೆ ಮಿಷಿನ್ ಹೋಗಿದೆ ಅಂತಾರೆ, ಅಷ್ಟೆ. ಈ ಮೂರನ್ನ ಓಡಿಸ್ಬೇಕು ಅಂತ ಆಸೆ. ಗೊತ್ತಿರೋರು ದಾರಿ ಹೇಳಿ.

ಕೀ ಕೊಡೋ ವಾಚು · ಭಾನುವಾರ ರಾತ್ರಿ

ತಮ್ಮಾ, ಬೇಜಾರ್ ಮಾಡ್ಕೋಬೇಡ, ಮನಸ್ಸಲ್ಲಿ ಇರೋದು ಹೇಳ್ತೀನಿ. ನಾನು ಮೂವತ್ತು ವರ್ಷದಿಂದ ಎಚ್‌ಎಂಟಿ ಕೂಡಿಡ್ತಿದೀನಿ, ಜನತಾ, ಪೈಲಟ್, ಸೋನಾ ಎಲ್ಲಾ ಇದಾವೆ. ಕೀ ಕೊಟ್ರೆ ಉಸಿರಾಡ್ತವೆ. ಈ ಸೆಲ್ ವಾಚು ಬಂದಿದ್ದಕ್ಕೇ ಅಲ್ವಾ ನಮ್ಮೂರ ಫ್ಯಾಕ್ಟರಿಗೆ ಕಷ್ಟ ಬಂದಿದ್ದು. ಬಿಎಚ್ ರೋಡಲ್ಲಿ ಶಿಫ್ಟ್ ಬಿಡೋ ಟೈಮಲ್ಲಿ ಸೈಕಲ್ ಸಾಲು ಹೆಂಗಿರ್ತಿತ್ತು ಅಂತ ನೋಡಿರೋನಿಗೆ ಕ್ವಾರ್ಟ್ಜ್ ಕೈಗೆ ಕಟ್ಟೋಕೆ ಮನಸ್ಸು ಬರಲ್ಲ ಕಣಪ್ಪ.

ಬಟವಾಡಿ ಹುಡುಗ · ಭಾನುವಾರ ರಾತ್ರಿ

ಅಣ್ಣ ನಿಮ್ಮ ನೋವು ಅರ್ಥ ಆಗುತ್ತೆ, ನಮ್ಮ ಮಾವನೋರೂ ಅಲ್ಲೇ ಇದ್ರು. ಆದ್ರೆ ಒಂದು ಮಾತು. 1961ರಲ್ಲಿ ಎಚ್‌ಎಂಟಿ ಬೆಂಗಳೂರಲ್ಲಿ ವಾಚು ಶುರು ಮಾಡಿದ್ದೇ ಸಿಟಿಜನ್ ಕಂಪ್ನಿಯೋರ ಜೊತೆ. 1978ರಲ್ಲಿ ನಮ್ಮ ತುಮಕೂರು ಫ್ಯಾಕ್ಟರಿ ಬಂತು, ಆಮೇಲೆ ಅದ್ರಲ್ಲೇ ಒಂದು ಭಾಗನ ಕ್ವಾರ್ಟ್ಜಿಗೆ ಬದಲಾಯಿಸಿದ್ರಲ್ಲ, ಅದಕ್ಕೂ ಸಿಟಿಜನ್ನೇ ಜೊತೆಗಿದ್ದಿದ್ದು. ಹಂಗಾಗಿ ನನ್ನ ಮಟ್ಟಿಗೆ ಈ ಕ್ರಿಸ್ಟ್ರಾನ್ ನಿಮ್ಮ ಜನತಾಗೆ ದಾಯಾದಿ ಅಲ್ಲ, ಅಣ್ಣತಮ್ಮನೇ.

ತಿಪಟೂರು ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಒಳ್ಳೆ ವಿಷಯ ತೆಗ್ದಿದೀಯ. ನಾನು ಕಾಲೇಜಲ್ಲಿ ಫಿಸಿಕ್ಸ್ ಹೇಳ್ಕೊಡ್ತೀನಿ, ಪ್ರತಿ ವರ್ಷ ಒಂದು ಕ್ಲಾಸು ಕ್ವಾರ್ಟ್ಜ್ ವಾಚು ಬಿಚ್ಚಿ ತೋರಿಸೋಕೆ ಇಟ್ಕೊಂಡಿದೀನಿ, ಮಕ್ಕಳು ಅವತ್ತಿನಷ್ಟು ಗಮನ ಕೊಟ್ಟು ಬೇರೆ ಯಾವತ್ತೂ ಕೇಳಲ್ಲ.

1969ರ ಡಿಸೆಂಬರ್ 25ಕ್ಕೆ ಸೀಕೋದೋರು ಆಸ್ಟ್ರಾನ್ ಅಂತ ಜಗತ್ತಿನ ಮೊದಲ್ನೇ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಿಟ್ರು. ಬೆಲೆ 4,50,000 ಯೆನ್, ಆ ಕಾಲಕ್ಕೆ ಅಲ್ಲಿ ಒಂದು ಕಾರಿನ ರೇಟು. ಅದ್ರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 8,192 ಸಲ ಕಂಪಿಸ್ತಿತ್ತು. ಆಮೇಲೆ ಬಂದವು ಹೆಚ್ಚಾಗಿ 32,768ಕ್ಕೆ ನಿಂತ್ವು. ಈ ಸಂಖ್ಯೆ ಯಾಕೆ ಅಂತ ಮಕ್ಕಳು ಕೇಳ್ತಾರೆ. ಅದನ್ನ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹಂಗೇ 15 ಸಲ ಮಾಡ್ಕೊಂಡು ಹೋದ್ರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತೆ. ಆ ಒಂದೇ ಒಂದು ತಟ್ಟು ತಂತಿ ಸುತ್ತಿರೋ ಕಾಯಿಲಿಗೆ ಹೋಗುತ್ತೆ, ಕಾಯಿಲ್ ಅಯಸ್ಕಾಂತ ಆಗುತ್ತೆ, ಪುಟ್ಟ ರೋಟರ್ ಅರ್ಧ ಸುತ್ತು ತಿರುಗುತ್ತೆ, ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುತ್ತೆ. ಅರ್ಧ ಮಾಡೋ ಕೆಲಸನೆಲ್ಲ ಚಿಪ್ ಮಾಡುತ್ತೆ, ಎಷ್ಟು ಕಮ್ಮಿ ಕರೆಂಟಲ್ಲಿ ಅಂದ್ರೆ ಒಂದು ಗುಂಡಿ ಸೆಲ್ಲಲ್ಲಿ ವರ್ಷಗಟ್ಲೆ.

ಇನ್ನೊಂದು ವಿಷಯ, ಇದು ನಮ್ಮ ಕಡೆ ಬಿಸಿಲಿಗೆ ಮುಖ್ಯ. ಈ ಹರಳು 25 ಡಿಗ್ರಿ ಆಸುಪಾಸಲ್ಲಿ ಸರಿಯಾಗಿರುತ್ತೆ. ಅದಕ್ಕಿಂತ ಬಿಸಿ ಆದ್ರೂ ನಿಧಾನ, ತಣ್ಣಗಾದ್ರೂ ನಿಧಾನ. 15 ಡಿಗ್ರಿ ಆಕಡೆ ಈಕಡೆ ಹೋದ್ರೆ ದಿನಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿನೇ ಹಿಂದೆ ಬೀಳುತ್ತೆ. ಕೈಗೆ ಕಟ್ಕೊಂಡಿದ್ರೆ ಮೈ ಬಿಸಿ ಅದನ್ನ ಒಂದೇ ಹದದಲ್ಲಿ ಇಡುತ್ತೆ, ಬೀರುವಲ್ಲಿಟ್ರೆ ಹಂಗಿರಲ್ಲ. ಈ ತಾಪತ್ರಯ ಬೇಡ ಅಂತಲೇ 1978ರಲ್ಲಿ ಸೀಕೋದೋರು ಟ್ವಿನ್ ಕ್ವಾರ್ಟ್ಜ್ ಅಂತ ಎರಡು ಹರಳು ಇಟ್ರು, ಎರಡನೇದು ಶಾಖ ನೋಡ್ಕೊಂಡು ಮೊದಲ್ನೇದನ್ನ ತಿದ್ದೋಕೆ. ಅದಕ್ಕೂ ಮೊದ್ಲು, 1975ರಲ್ಲಿ ಸಿಟಿಜನ್ನೋರು ಕ್ರಿಸ್ಟ್ರಾನ್ ಮೆಗಾ ಅಂತ ತಂದಿದ್ರು. ವರ್ಷಕ್ಕೆ 3 ಸೆಕೆಂಡ್ ಹೆಚ್ಚುಕಮ್ಮಿ! 50 ವರ್ಷದ ಹಿಂದೆ! ಅದನ್ನ ನೆನೆಸ್ಕೊಂಡ್ರೆ ಈಗ್ಲೂ ರೋಮಾಂಚನ ಆಗುತ್ತೆ.

ಶಿರಾಗೇಟ್ · ಸೋಮವಾರ ಮಧ್ಯಾಹ್ನ

ಹುಡುಗ, ದಯವಿಟ್ಟು ಸಿಕ್ಕಿದ ಅಂಗಡಿಗೆ ಕೊಡಬೇಡ. ನನಗಾಗಿದ್ದು ಹೇಳ್ತೀನಿ. ನಮ್ಮ ದೊಡ್ಡಪ್ಪ ಮಸ್ಕತ್ತಿಂದ ತಂದಿದ್ದ ಸೀಕೋ ಕ್ವಾರ್ಟ್ಜ್ ಇತ್ತು, ನಿಂತೋಯ್ತು ಅಂತ ಒಂದು ಅಂಗಡೀಲಿ ಸೆಲ್ ಹಾಕ್ಸೋಕೆ ಕೊಟ್ಟೆ, ನಾಳೆ ಬಾ ಅಂದ್ರು, ಮಾರನೇ ದಿನ ಓಡ್ತಾ ಇತ್ತು, 350 ಕೊಟ್ಟು ಖುಷಿಯಾಗಿ ಬಂದೆ. ಒಂದು ವಾರ ಆದ್ಮೇಲೆ ಏನೋ ಸರಿ ಇಲ್ಲ ಅನ್ನಿಸ್ತು. ಸೆಕೆಂಡ್ ಮುಳ್ಳು ಮುಂಚೆ ಗೀಟಿನ ಮೇಲೆ ಕರೆಕ್ಟಾಗಿ ಕೂತ್ಕೊಳ್ತಿತ್ತು, ಈಗ ಎರಡು ಗೀಟಿನ ಮಧ್ಯೆ ಬೀಳ್ತಿದೆ. ತಾರೀಖು ಕಿಂಡಿ ಒಳಗೆ ಓರೆ. ಕೀ ಎಳೆದ್ರೆ ಗಟ್ಟಿ ಕ್ಲಿಕ್ ಇಲ್ಲ, ಪ್ಲಾಸ್ಟಿಕ್ ಥರ ಮೆತ್ತಗೆ ಬರುತ್ತೆ. ಬೇರೆ ಕಡೆ ಬಿಚ್ಚಿಸಿ ನೋಡಿದ್ರೆ ಒಳಗೆ ಹೊಸ ಅಗ್ಗದ ಮಿಷಿನ್ನು, ಅದು ಕೇಸಿಗಿಂತ ಚಿಕ್ಕದು ಅಂತ ಸುತ್ತ ಒಂದು ಬಿಳೀ ಪ್ಲಾಸ್ಟಿಕ್ ಬಳೆ. ಹಳೇ ಮಿಷಿನ್ ಎಲ್ಲಿ ಅಂತ ಕೇಳೋಕೆ ಹೋದೆ, ಕಸಕ್ಕೆ ಹಾಕಿದ್ವಿ ಅಂದ್ರು. ದೊಡ್ಡಪ್ಪ ಹೋಗಿ ಆರು ವರ್ಷ ಆಯ್ತು. ಕೇಳ್ದೆ ಬದಲಾಯಿಸಿದ್ರಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಕೊಡೋದಾದ್ರೆ ನಿಮ್ಮೆದುರಿಗೇ ಮುಚ್ಚಳ ತೆಗೆಸಿ, ಮಿಷಿನ್ ಫೋಟೋ ಹೊಡ್ಕೊಂಡು, ಆಮೇಲೆ ಕೊಡಿ.

ಫ್ಯಾಕ್ಟರಿ ಅಕ್ಕ · ಸೋಮವಾರ ರಾತ್ರಿ

ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ಆದ್ರೆ ಇದನ್ನ ಓದಿ ಸುಮ್ಮನಿರೋಕೆ ಆಗ್ಲಿಲ್ಲ. ನಾನು ತುಮಕೂರು ಎಚ್‌ಎಂಟೀಲಿ ಅಸೆಂಬ್ಲೀಲಿದ್ದೆ. ಹತ್ತೊಂಬತ್ತು ವಯಸ್ಸಿಗೆ ಸೇರಿದ್ದು. ನಮ್ಮ ಸಾಲಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಕೈ ಹಗುರ ಅಂತ. ಮೊದ್ಲು ಕೀ ಕೊಡೋ ವಾಚಲ್ಲಿದ್ದೆ, ಆಮೇಲೆ ಕ್ವಾರ್ಟ್ಜಿಗೆ ಹಾಕಿದ್ರು. ಮನೇಲಿ ಈಗ್ಲೂ ನನ್ನ ಐ ಗ್ಲಾಸು, ಚಿಮಟ ಎಲ್ಲ ಇದೆ.

ಮಗು, ಮೊದ್ಲು ಹೊಸ ಸೆಲ್ ಹಾಕಿ ನೋಡೋ ಆತುರ ಬೇಡ. ಮುಚ್ಚಳ ತೆಗೆದು ನೋಡು. ಹಳೇ ಸೆಲ್ಲಿನ ಸುತ್ತ ಬಿಳೀದೋ ಹಸಿರೋ ಪುಡಿ ಇದ್ರೆ ಸೆಲ್ ಸೋರಿದೆ ಅಂತ. ಅದು ಕ್ಷಾರ, ಅದಕ್ಕೆ ಹುಳಿ ಬೇಕು. ಹಲ್ಲು ಚುಚ್ಚೋ ಕಡ್ಡಿ ತುದೀಗೆ ಒಂದೆಳೆ ಹತ್ತಿ ಸುತ್ಕೊಂಡು ಬಿಳೀ ವಿನೆಗರ್ ಅದ್ದಿ, ಹಿಂಡಿ, ಸೆಲ್ ಕೂರೋ ತಗಡಿಗೆ ಮಾತ್ರ ಮುಟ್ಸು. ಆಮೇಲೆ ಸ್ಪಿರಿಟ್ಟಲ್ಲಿ ಒರೆಸು. ಕಾಯಿಲ್ ಕಡೆ ಒಂದು ಹನೀನೂ ಹೋಗಬಾರ್ದು. ತಾಮ್ರದ ಬಣ್ಣದ ದಾರದ ಉಂಡೆ ಥರ ಕಾಣುತ್ತಲ್ಲ, ಅದೇ ಕಾಯಿಲ್. ಅದ್ರ ತಂತಿ ಕೂದಲಿಗಿಂತ ತೆಳ್ಳಗೆ. ಸ್ಕ್ರೂಡ್ರೈವರ್ ಒಂದ್ಸಲ ಜಾರಿ ಅದಕ್ಕೆ ತಗುಲಿದ್ರೆ ವಾಚು ಸತ್ತ ಹಾಗೆ. ನಾವು ಸಾಲಲ್ಲಿ ಕೂತಾಗ ಕಾಯಿಲ್ ಇರೋ ಕಡೆ ಕೈ ತಗೊಂಡು ಹೋಗುವಾಗ ಮಾತೇ ಆಡ್ತಿರ್ಲಿಲ್ಲ.

ಚಿಮಟ ಉಕ್ಕಿಂದು ಬೇಡ, ಹಿತ್ತಾಳೇದೋ ಪ್ಲಾಸ್ಟಿಕ್ಕಿಂದೋ ತಗೋ. ರೋಟರ್ ಅನ್ನೋದು ಅಯಸ್ಕಾಂತ, ಉಕ್ಕು ಹತ್ರ ಬಂದ್ರೆ ಜಿಗಿದು ಅಂಟ್ಕೊಳುತ್ತೆ, ಕಬ್ಬಿಣದ ಪುಡಿ ಒಂದು ಕಣ ಹಿಡ್ಕೊಂಡ್ರೂ ತಿರುಗಲ್ಲ.

ಕಾಯಿಲ್ ಜೀವ ಇದ್ಯಾ ಅಂತ ನೋಡೋಕೆ ಮಲ್ಟಿಮೀಟರ್ ಸಾಕು. ಸೆಲ್ ತೆಗೆದಿಟ್ಟು ಕಾಯಿಲಿನ ಎರಡು ತುದಿಗೆ ಮುಟ್ಟಿಸಿದ್ರೆ ಸಾಮಾನ್ಯವಾಗಿ ಸಾವಿರದ ಲೆಕ್ಕದಲ್ಲಿ ಓಮ್ ತೋರಿಸುತ್ತೆ, ಎರಡು ಸಾವಿರವೋ ಮೂರು ಸಾವಿರವೋ. ಏನೂ ತೋರಿಸ್ಲಿಲ್ಲ ಅಂದ್ರೆ ತಂತಿ ಕಡಿದೋಗಿದೆ.

ನಿಧಾನಕ್ಕೆ ಮಾಡು. ಕೈ ನಡುಗಿದ್ರೆ ನಿಲ್ಲಿಸಿ ನೀರು ಕುಡಿ.

ಬಟವಾಡಿ ಹುಡುಗ · ಸೋಮವಾರ ರಾತ್ರಿ

ಅಕ್ಕ, ನೀವು ಬರೆದಿದ್ದನ್ನ ನಾಲ್ಕು ಸಲ ಓದ್ದೆ. ತುಂಬಾ ತುಂಬಾ ಥ್ಯಾಂಕ್ಸ್. ಇದನ್ನ ಎಲ್ಲೂ ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ.

ರಾಬರ್ಟ್‌ಸನ್‌ಪೇಟೆ · ಮಂಗಳವಾರ

ಕೆಜಿಎಫ್‌ನಿಂದ ನಮಸ್ಕಾರ. ನಮ್ಮಲ್ಲಿ ಒಂದು ಕಾಲಕ್ಕೆ ಫಾರಿನ್ ವಾಚು ಅಂದ್ರೆ ಸೀಕೋ ಫೈವ್, ಸಿಟಿಜನ್, ರಿಕೋ. ಈ ರಿಕೋ ಬಗ್ಗೆ ಒಂದು ಮಾತು ಹೇಳ್ಬೇಕು, ಯಾಕಂದ್ರೆ ಇದನ್ನ ಎಲ್ರೂ ಜೆರಾಕ್ಸ್ ಮಿಷಿನ್ ಕಂಪ್ನಿ ಅಂತ ತಳ್ಳಿಹಾಕ್ತಾರೆ. ನಗೋಯಾದಲ್ಲಿ ತಕಾನೋ ಅಂತ ಒಂದು ಗಡಿಯಾರದ ಕಂಪ್ನಿ ಇತ್ತು, ಒಳ್ಳೊಳ್ಳೆ ಕೈಗಡಿಯಾರ ಮಾಡ್ತಿದ್ರು. 1959ರ ಸೆಪ್ಟೆಂಬರಲ್ಲಿ ಇಸೆ ಕೊಲ್ಲಿಗೆ ಬಂದ ಚಂಡಮಾರುತ ಆ ಕಡೆ ಊರೂರನ್ನೇ ಮುಳುಗಿಸ್ತು, ತಕಾನೋ ಕಾರ್ಖಾನೆಗೂ ಭಾರೀ ಪೆಟ್ಟು ಬಿತ್ತು. ಅದ್ರಿಂದ ಎದ್ದು ನಿಲ್ಲೋಕೆ ಆಗ್ದೆ 1962ರಲ್ಲಿ ರಿಕೋ ಕೈಗೆ ಹೋಯ್ತು. ಹಂಗಾಗಿ ನಿನ್ನ ಚೌಕ ರಿಕ್ವಾರ್ಟ್ಜ್ ಇದೆಯಲ್ಲ, ಅದ್ರ ಬೇರು ಗಡಿಯಾರದೋರ ಮನೇಲೇ ಇದೆ.

ಕೊಳ್ಳೋರಿಗೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಓಡಾಡೋ ಹಳೇ ರಿಕೋ, ಸೀಕೋ ಡಯಲ್‌ಗಳಲ್ಲಿ ಮರುಬಣ್ಣ ಬಳಿದವು ಬೇಜಾನ್ ಇವೆ. ಕಿತ್ತಳೆ, ಗಿಣಿ ಹಸಿರು, ಎದ್ದು ಕಾಣ್ತವೆ. ಬಣ್ಣ ನೋಡಿ ಮರುಳಾಗಬೇಡಿ. ಡಯಲಿನ ಕೆಳಗಡೆ, ಆರು ಗಂಟೆ ಹತ್ರ ಸಣ್ಣಕ್ಷರದಲ್ಲಿ ಜಪಾನ್ ಅಂತಲೂ ಒಂದು ನಂಬರೂ ಇರುತ್ತೆ, ಕೂದಲೆಳೆಯಷ್ಟು ಸಣ್ಣಕ್ಷರ, ಅದನ್ನ ಮರುಬಣ್ಣದೋರು ಹಂಗೇ ಅಚ್ಚು ಹಾಕೋಕೆ ಆಗಲ್ಲ, ಅದು ಮಾಯ ಆಗಿರುತ್ತೆ ಇಲ್ಲಾ ದಪ್ಪಗೆ ಹರಡಿರುತ್ತೆ. ಕಿರಣ ಬಿಡೋ ಡಯಲ್ ಮೇಲೆ ಬಣ್ಣ ಬಳಿದ್ರೆ ಕಿರಣ ಸತ್ತೋಗುತ್ತೆ. ನೀನು ಬಿಸಿಲಿಗೆ ಹಿಡಿದು ನೋಡಿದ್ಯಲ್ಲ, ಅದೇ ಸರಿಯಾದ ಪರೀಕ್ಷೆ.

ಬಟವಾಡಿ ಹುಡುಗ · ಗುರುವಾರ ರಾತ್ರಿ

ಇವತ್ತು ಮೂರನ್ನೂ ಬಿಚ್ಚಿದೆ. ಊಟ ಆದ್ಮೇಲೆ ಟೇಬಲ್ ಮೇಲೆ ಬಿಳೀ ಟವಲ್ ಹಾಸಿ, ಫ್ಯಾನ್ ಆಫ್ ಮಾಡಿ, ಬೆವರು ಒರೆಸ್ಕೊಂಡು.

ರಿಕ್ವಾರ್ಟ್ಜ್ ಮೊದ್ಲು. ಮುಚ್ಚಳ ತೆಗೆದ ತಕ್ಷಣ ಅಕ್ಕ ಹೇಳಿದ ಬಿಳೀ ಪುಡಿ. ಸೆಲ್ ಅದ್ರ ಗುಂಡಿಗೇ ಅಂಟ್ಕೊಂಡು ಕೂತಿತ್ತು. ಪ್ಲಾಸ್ಟಿಕ್ ಚಿಮಟದಲ್ಲಿ ಎತ್ತೋಕೆ ಇಪ್ಪತ್ತು ನಿಮಿಷ ಹಿಡೀತು. ಅದ್ರ ಕೆಳಗಿನ ತಗಡು ಅರ್ಧ ತಿಂದೋಗಿದೆ, ವಿನೆಗರ್ ಮುಟ್ಟಿಸಿದಾಗ ಸುಂಯ್ ಅಂತ ಸಣ್ಣ ಗುಳ್ಳೆ ಬಂತು. ಮೂರು ಸಲ ಒರೆಸಿದ್ಮೇಲೆ ತಗಡಿನ ಬಣ್ಣ ಕಾಣಿಸ್ತು. ಹೊಸ ಸೆಲ್ ಹಾಕ್ದೆ, ಓಡ್ಲಿಲ್ಲ. ಆದ್ರೆ ಕಾಯಿಲ್ ಓಮ್ ತೋರಿಸ್ತಿದೆ, ಹಂಗಾಗಿ ಆಸೆ ಇದೆ.

ಕ್ರಿಸ್ಟ್ರಾನ್ ಒಳಗೆ ಎಷ್ಟು ಚೆನ್ನಾಗಿದೆ ಗೊತ್ತಾ. ಒಂದು ಚೂರು ಧೂಳಿಲ್ಲ, ನಿನ್ನೆ ಫ್ಯಾಕ್ಟರಿ ಬಿಟ್ಟ ಹಾಗಿದೆ. ಕಾಯಿಲ್ ಮೇಲೆ ಮಾತ್ರ ಒಂದು ಗೀರು. ಯಾರೋ ಯಾವಾಗ್ಲೋ ಸೆಲ್ ಬದಲಾಯಿಸುವಾಗ ಸ್ಕ್ರೂಡ್ರೈವರ್ ಜಾರಿಸಿದಾರೆ. ಮೀಟರ್ ಏನೂ ತೋರಿಸ್ಲಿಲ್ಲ. ಬೇಜಾರಾಗಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಸೀಕೋ 7546ರಲ್ಲಿ ಸೋರಿಲ್ಲ, ಕಾಯಿಲ್ ಸರಿ ಇದೆ. ಸೆಲ್ ಹಾಕಿದ್ರೆ ಸೆಕೆಂಡ್ ಮುಳ್ಳು ಇದ್ದಲ್ಲೇ ನಡುಗುತ್ತೆ, ಮುಂದಕ್ಕೆ ಹೋಗ್ತಿಲ್ಲ, ಯಾರೋ ಹಿಡ್ಕೊಂಡಂಗೆ.

ಕೀ ಕೊಡೋ ವಾಚು · ಗುರುವಾರ ರಾತ್ರಿ

ನಡುಗ್ತಿದೆ ಅಂದ್ರೆ ಎಣ್ಣೆ ಒಣಗಿ ಅಂಟಾಗಿದೆ ಕಣಪ್ಪ. ಕೀ ವಾಚಲ್ಲೂ ಹಂಗೇ. ನಮ್ಮದ್ರಲ್ಲಿ ಸ್ಪ್ರಿಂಗಿಗೆ ಬಲ ಇರುತ್ತೆ, ಹೆಂಗೋ ಎಳ್ಕೊಂಡು ಹೋಗುತ್ತೆ. ನಿನ್ನದ್ರಲ್ಲಿ ಮೋಟರಿಗೆ ಅಷ್ಟು ಬಲ ಎಲ್ಲಿ ಬರ್ಬೇಕು. ಚಕ್ರ ಬಿಚ್ಚಿ ತೊಳೆದು ಹೊಸ ಎಣ್ಣೆ ಬಿಡ್ಬೇಕು. ಎಣ್ಣೆ ಅಂದ್ರೆ ಸೂಜಿ ಮೊನೆಯಷ್ಟು ಸಾಕು.

ಹೊಸಮಿಷಿನ್ · ಶುಕ್ರವಾರ

ನಾನು ಬೇರೆ ಥರ ಯೋಚನೆ ಮಾಡೋನು, ಹೇಳ್ತೀನಿ. ಕ್ರಿಸ್ಟ್ರಾನ್‌ಗೆ ಕಾಯಿಲ್ ಹೋಗಿದೆ, ಆ ಕಾಯಿಲ್ ಈಗ ಯಾರೂ ಮಾಡಲ್ಲ. ಇನ್ನೂರು ರೂಪಾಯಿ ಹೊಸ ಮಿಷಿನ್ ಹಾಕಿದ್ರೆ ನಾಳೆಯಿಂದ ಕೈಗೆ ಕಟ್ಬೋದು. ಡಬ್ಬೀಲಿ ಸತ್ತು ಬಿದ್ದಿರೋದಕ್ಕಿಂತ ಓಡೋದು ಒಳ್ಳೇದಲ್ವಾ? ಶಿರಾಗೇಟ್ ಅಣ್ಣನಿಗೆ ಆಗಿದ್ದು ಮೋಸ, ಅದು ಬೇರೆ. ಆದ್ರೆ ಗೊತ್ತಿದ್ದು ಹಾಕ್ಸೋದ್ರಲ್ಲಿ ತಪ್ಪೇನು?

ಶಿರಾಗೇಟ್ · ಶುಕ್ರವಾರ

ತಪ್ಪು ಅನ್ನಲ್ಲ ತಮ್ಮಾ. ಆದ್ರೆ ಹಾಕಿದ್ಮೇಲೆ ಅದು ಯಾವ ವಾಚು? ಡಯಲ್ ಮೇಲೆ ಕ್ರಿಸ್ಟ್ರಾನ್ ಅಂತಿದೆ, ಒಳಗೆ ಕ್ರಿಸ್ಟ್ರಾನ್ ಇಲ್ಲ. ಮುಂದೆ ಯಾರೋ ಕೊಳ್ಳೋನಿಗೆ ಅದು ಗೊತ್ತಾಗಲ್ಲ.

ಫ್ಯಾಕ್ಟರಿ ಅಕ್ಕ · ಶುಕ್ರವಾರ ರಾತ್ರಿ

ಇಬ್ರ ಮಾತೂ ಅರ್ಥ ಆಗುತ್ತೆ. ಹೊಸ ಮಿಷಿನ್ ಹಾಕ್ಬೇಕಾದ್ರೆ ಡಯಲ್ ಹಿಂದಿರೋ ಎರಡು ಕಾಲು ಇರ್ತಾವಲ್ಲ, ಹಳೇ ಮಿಷಿನಿಗೆ ಸಿಕ್ಕಿಸೋಕೆ ಇರೋವು, ಅವನ್ನ ಸಾಮಾನ್ಯವಾಗಿ ಕತ್ತರಿಸ್ಬೇಕಾಗುತ್ತೆ. ಮುಳ್ಳಿನ ತೂತೂ ಬೇರೆ ಅಳತೆ, ಅದನ್ನೂ ಅಗಲ ಮಾಡ್ತಾರೆ. ಒಂದ್ಸಲ ಕಾಲು ಕತ್ತರಿಸಿದ್ರೆ, ನಾಳೆ ಅದೇ ನಂಬರಿನ ಕಾಯಿಲ್ ಸಿಕ್ಕಿದ್ರೂ ಹಳೇದನ್ನ ವಾಪಸ್ ಕೂರಿಸೋಕೆ ಕಷ್ಟ. ಅದಕ್ಕೆ ಕಾಯ್ಬೇಕು ಅಂತೀನಿ ನಾನು. ಮಿಷಿನ್ ನಂಬರ್ ಬರ್ಕೊಂಡು ಇಟ್ಕೋ, ಅದೇ ನಂಬರಿನ ಡಯಲ್ ಹಾಳಾದ, ಗ್ಲಾಸ್ ಒಡೆದ ವಾಚು ಎಲ್ಲಾದ್ರೂ ಸಿಕ್ಕೇ ಸಿಗುತ್ತೆ.

2016ರಲ್ಲಿ ನಮ್ಮ ಕಂಪ್ನಿ ಮುಚ್ಚೋದು ಅಂತ ಸರ್ಕಾರ ತೀರ್ಮಾನ ಮಾಡಿದಾಗ ನಾನು ಆಗ್ಲೇ ಹೊರಗೆ ಬಂದು ಎಷ್ಟೋ ವರ್ಷ ಆಗಿತ್ತು. ಆ ಜಾಗ ಈಗ ಇಸ್ರೋಗೆ ಹೋಗಿದೆ, ಒಳ್ಳೇದೇ ಆಯ್ತು, ಮತ್ತೆ ಸೂಕ್ಷ್ಮ ಕೆಲಸ ಮಾಡೋ ಕೈಗಳೇ ಅಲ್ಲಿ ಬರ್ತವೆ. ಆದ್ರೆ ನಮ್ಮ ಜೊತೆ ಇದ್ದ ಹೆಣ್ಣುಮಕ್ಕಳ ಕೈಯಲ್ಲಿದ್ದ ವಿದ್ಯೆ ಎಲ್ಲಿ ಹೋಯ್ತು ಅಂತ ಯಾರೂ ಕೇಳ್ಲಿಲ್ಲ. ನಾನಂತೂ ಇಪ್ಪತ್ತು ವರ್ಷದಿಂದ ಚಿಮಟ ಮುಟ್ಟಿರ್ಲಿಲ್ಲ.

ಮಗು, ಭಾನುವಾರ ನಮ್ಮ ಮನೆಗೆ ಬಾ. ಸೀಕೋ ತಗೊಂಡು ಬಾ. ಜೊತೆಗೆ ಸೆಲ್ ಒಳ್ಳೇದು ತಗೊಂಡು ಬಾ, ಸಿಲ್ವರ್ ಆಕ್ಸೈಡಿಂದು, ಹೆಸರು ಎಸ್‌ಆರ್ ಅಂತ ಶುರುವಾಗೋದು. ನಿನ್ನ 7546ಕ್ಕೆ ಎಸ್‌ಆರ್ 43. ಎಲ್‌ಆರ್ ಅಂತಿರೋದು ಅಗ್ಗ, ಆದ್ರೆ ಅದ್ರ ವೋಲ್ಟು ದಿನ ಕಳೆದಂಗೆ ಇಳೀತಾ ಹೋಗುತ್ತೆ, ಬೇಗ ಸೋರುತ್ತೆ. ಸಿಲ್ವರ್ ಆಕ್ಸೈಡು ಕೊನೇ ತನಕ 1.55ರ ಹತ್ರನೇ ನಿಂತಿರುತ್ತೆ.

ತಿಪಟೂರು ಮೇಷ್ಟ್ರು · ಶುಕ್ರವಾರ ರಾತ್ರಿ

ಅಕ್ಕನೋರೇ, ಇದನ್ನ ಓದಿ ಕಣ್ಣು ಒದ್ದೆಯಾಯ್ತು. ನೀವು ಒಪ್ಪಿದ್ರೆ ನಮ್ಮ ಕಾಲೇಜಿಗೆ ಒಂದಿನ ಬನ್ನಿ. ಮಕ್ಕಳಿಗೆ ತೋರಿಸಿ.

ಬಟವಾಡಿ ಹುಡುಗ · ಸೋಮವಾರ ಬೆಳಗಿನ ಜಾವ

ನಿದ್ದೆ ಬರ್ತಿಲ್ಲ, ಬರೆದುಬಿಡ್ತೀನಿ.

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಹೋದೆ, ಅವ್ರು ಕಾಫಿ ಮಾಡಿದ್ರು, ಆದ್ರೆ ಕೆಲಸ ಮುಗಿಯೋ ತನಕ ಇಬ್ರೂ ಮುಟ್ಲಿಲ್ಲ. ಕಿಟಕಿ ಪಕ್ಕ ಮೇಜು, ಅದ್ರ ಮೇಲೆ ಬಿಳೀ ಹಾಳೆ. ಅವ್ರು ಐ ಗ್ಲಾಸ್ ಕಣ್ಣಿಗೆ ಸಿಕ್ಕಿಸ್ಕೊಂಡು ಐದು ನಿಮಿಷ ವಾಚನ್ನ ಮುಟ್ದೇ ಬರೀ ನೋಡಿದ್ರು. ಆಮೇಲೆ ಕೀ ಎಳೆದು ಬಿಡಿಸಿದ್ರು, ಮಿಷಿನ್ ಹೊರಗೆ ಬಂತು. ಮುಳ್ಳು ತೆಗೆಯುವಾಗ ಡಯಲ್ ಮೇಲೆ ಪ್ಲಾಸ್ಟಿಕ್ ಕವರ್ ತುಂಡು ಇಟ್ರು, ಗೀರು ಬೀಳ್ದೇ ಇರ್ಲಿ ಅಂತ. ಕೈ ಸ್ವಲ್ಪ ನಡುಗ್ತಿತ್ತು ಮೊದ್ಲು, ಕಾಯಿಲ್ ಹತ್ರ ಬಂದಾಗ ನಡುಕ ತಾನಾಗೇ ನಿಂತೋಯ್ತು. ನಾನು ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ.

ಚಕ್ರಗಳು ಒಂದೊಂದಾಗಿ ಬಂದ್ವು. ಮೂರನೇ ಚಕ್ರದ ಮೊನೇಲಿ ಎಣ್ಣೆ ಜೇನುಮೇಣದ ಥರ ಹಳದಿಯಾಗಿ ಗಟ್ಟಿಯಾಗಿತ್ತು. ಅದೇ ಹಿಡ್ಕೊಂಡಿದ್ದು. ಅದನ್ನ ತೊಳೆದು, ಕಲ್ಲಿನ ತೂತನ್ನ ಕಡ್ಡಿ ಮೊನೇಲಿ ತಿರುಗಿಸಿ ಒರೆಸಿ, ಎಣ್ಣೆ ಒಂದು ಚುಕ್ಕೆ. ನೋಡೋಕೆ ಎಣ್ಣೆ ಅಂತಲೇ ಗೊತ್ತಾಗಲ್ಲ, ಕಲ್ಲಿನ ಮೇಲೆ ಬೆಳಕು ಬೇರೆ ಥರ ಬೀಳುತ್ತೆ ಅಷ್ಟೆ. ಮತ್ತೆ ಕೂರಿಸೋಕೆ ಒಂದು ಗಂಟೆ. ಸೆಲ್ ಹಾಕಿದ್ರು.

ಒಂದು ಹೆಜ್ಜೆ. ಇನ್ನೊಂದು. ಓಡ್ತು!

ಅಕ್ಕ ವಾಚನ್ನ ಕಿವಿಗೆ ಹಿಡಿದು ಸುಮಾರು ಹೊತ್ತು ಕೇಳಿದ್ರು, ಆಮೇಲೆ ನನ್ನ ಕಿವಿಗೆ ಹಿಡಿದ್ರು. ತಣ್ಣಗಾಗಿದ್ದ ಕಾಫೀನೇ ಕುಡಿದ್ವಿ.

ಸೀರಿಯಲ್ ನಂಬರ್ 07 ಅಂತ ಶುರುವಾಗುತ್ತೆ. ಮೊದಲ್ನೇ ಅಂಕಿ ವರ್ಷ, ಎರಡನೇದು ತಿಂಗಳು. ಈ ಮಿಷಿನ್ ಮಾಡೋದು ತೊಂಬತ್ತಕ್ಕೆ ಮುಂಚೆನೇ ನಿಂತಿತ್ತು, ಹಂಗಾಗಿ 1980ರ ಜುಲೈ. ಇದೇ ಮನೆತನದ ಇನ್ನೊಂದು ಮಿಷಿನ್, 7548, ಡೈವಿಂಗ್ ವಾಚಿಗೆ ಹಾಕ್ತಿದ್ರು, ಅದಕ್ಕೆ ಈಗ ಜನ ಸಾವಿರಗಟ್ಲೆ ಕೊಡ್ತಾರೆ, ಹೆಚ್ಚುಕಮ್ಮಿ ಅದೇ ಮಿಷಿನ್ ಇರೋ ಇದನ್ನ ಕೇಳೋರಿಲ್ಲ. ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು ಇದನ್ನೇ, ಹೆಸರಾದ ವಾಚು ಬಿಡಿ, ಅದ್ರ ಒಡಹುಟ್ಟಿದವನ್ನ ಹುಡುಕಿ.

ರಾತ್ರಿ ಇದನ್ನ ನೋಡ್ತಾ ಕೂತಿದ್ದೆ. ಹನ್ನೆರಡರ ಆಸುಪಾಸಲ್ಲಿ ತಾರೀಖು ಹೊರಳ್ತು. ವಾರ ತಡವಾಗಿ, ನಿಧಾನಕ್ಕೆ. ಭಾನುವಾರದ ಕೆಂಪು ಅಕ್ಷರ ಕಿಂಡೀಲಿ ಕೆಳಕ್ಕೆ ಜಾರ್ತಾ ಜಾರ್ತಾ ಹೋಯ್ತು, ಮಧ್ಯೆ ಸ್ವಲ್ಪ ಹೊತ್ತು ಇಂಗ್ಲಿಷ್ ಅಕ್ಷರ ಬಂತು, ಅದೂ ಜಾರ್ತು, ಆಮೇಲೆ ಸೋಮವಾರದ ಜಪಾನಿ ಅಕ್ಷರ ಬಂದು ಕೂತ್ಕೊಳ್ತು. ಎರಡೂ ಭಾಷೆ ಒಂದೇ ಚಕ್ರದ ಮೇಲಿರುತ್ತೆ, ದಿನಾ ರಾತ್ರಿ ಒಂದನ್ನ ದಾಟ್ಕೊಂಡು ಇನ್ನೊಂದಕ್ಕೆ ಹೋಗುತ್ತೆ. ಈಗ ಎರಡೂವರೆ.

ಕೀ ಕೊಡೋ ವಾಚು · ಸೋಮವಾರ

ಓದ್ದೆ. ಎರಡು ಸಲ ಓದ್ದೆ. ಅಕ್ಕನೋರಿಗೆ ನನ್ನ ನಮಸ್ಕಾರ ಹೇಳು. ನಮ್ಮ ಅಕ್ಕನೂ ಅದೇ ಸಾಲಲ್ಲಿ ಕೂತು ಕೆಲಸ ಮಾಡ್ದೋಳು, ಈಗಿಲ್ಲ. ಕ್ವಾರ್ಟ್ಜ್ ನಾನು ಕಟ್ಟಲ್ಲ, ಆ ಮಾತು ಹಂಗೇ ಇರ್ಲಿ. ಆದ್ರೆ ಎಣ್ಣೆ ಬೇಕಾದ್ರೆ ಬಾ, ನನ್ನ ಹತ್ರ ಒಳ್ಳೇದಿದೆ.

ಬಟವಾಡಿ ಹುಡುಗ · ಹನ್ನೆರಡು ದಿನ ಆದ್ಮೇಲೆ

ಲೆಕ್ಕ ಕೊಡ್ತೀನಿ. ಸೀಕೋನ ಹತ್ತು ದಿನ ಬಿಡ್ದೇ ಕಟ್ಟಿದ್ದೆ, ಫೋನ್ ಟೈಮಿಗೆ ಹೋಲಿಸಿದ್ರೆ 9 ಸೆಕೆಂಡ್ ಮುಂದೆ ಹೋಗಿತ್ತು. ಈ ಮಿಷಿನಲ್ಲಿ ಟ್ರಿಮ್ಮರ್ ಅಂತ ಒಂದು ಪುಟ್ಟ ಸ್ಕ್ರೂ ಇದೆ, ವೇಗ ಹೆಚ್ಚುಕಮ್ಮಿ ಮಾಡೋಕೆ. ಅಕ್ಕನ ಮುಂದೆ ಕೂತು ನಾನೇ ತಿರುಗಿಸ್ದೆ, ತಿರುಗಿಸ್ದೆ ಅನ್ನೋದಕ್ಕಿಂತ ಮುಟ್ಟಿದೆ ಅನ್ಬೇಕು, ಅಷ್ಟು ಕಮ್ಮಿ. ಎರಡು ದಿನ ಆಯ್ತು, ಕಣ್ಣಿಗೆ ಕಾಣೋ ವ್ಯತ್ಯಾಸ ಇನ್ನೂ ಬಂದಿಲ್ಲ. ಹತ್ತು ದಿನ ತುಂಬಿದ್ಮೇಲೆ ಮತ್ತೆ ಹೇಳ್ತೀನಿ.

ರಿಕ್ವಾರ್ಟ್ಜ್ ಅಕ್ಕನ ಮನೇಲೇ ಇದೆ, ತಿಂದೋಗಿರೋ ತಗಡಿನ ಜಾಗಕ್ಕೆ ಹಿತ್ತಾಳೆ ತುಂಡು ಕತ್ತರಿಸಿ ಕೂರಿಸಿ ನೋಡ್ತಿದಾರೆ. ಕ್ರಿಸ್ಟ್ರಾನ್ ಡಬ್ಬೀಲಿದೆ. ಮಿಷಿನ್ ನಂಬರಿನ ಫೋಟೋ ಹಾಕಿದೀನಿ, ಯಾರ ಮನೇಲಾದ್ರೂ ಇದೇ ನಂಬರಿಂದು ಒಡೆದೋ ತುಕ್ಕು ಹಿಡಿದೋ ಬಿದ್ದಿದ್ರೆ ದಯವಿಟ್ಟು ತಿಳಿಸಿ, ಬೆಲೆ ಮಾತಾಡೋಣ.

ರಾಬರ್ಟ್‌ಸನ್‌ಪೇಟೆ · ಅದೇ ದಿನ ರಾತ್ರಿ

ಫೋಟೋ ನೋಡಿ ನಮ್ಮಪ್ಪನ ಟ್ರಂಕು ತೆಗೆದೆ. ಒಂದು ಕ್ರಿಸ್ಟ್ರಾನ್ ಇದೆ, ಗ್ಲಾಸ್ ಇಲ್ಲ, ಡಯಲ್ ಪೂರ್ತಿ ಕಪ್ಪಾಗಿದೆ, ಮುಳ್ಳು ಒಂದೇ ಉಳಿದಿರೋದು. ನಂಬರಿನ ಮೊದಲ ಎರಡು ಅಂಕಿ ಒಂದೇ, ಮಿಕ್ಕಿದ್ದು ತುಕ್ಕಲ್ಲಿ ಕಾಣ್ತಿಲ್ಲ. ಬೆಲೆ ಮಾತು ಬೇಡ. ಮುಂದಿನ ಶನಿವಾರ ಬೆಂಗಳೂರಿಗೆ ಬರ್ತೀನಿ, ಅಲ್ಲಿಂದ ತುಮಕೂರು ಬಸ್ ಹತ್ತುತೀನಿ. ಅಕ್ಕ ಮನೇಲಿರ್ತಾರಾ ಕೇಳಿ ಹೇಳು, ಮುಚ್ಚಳ ಅವ್ರ ಕೈಯಲ್ಲೇ ತೆಗೆಸೋಣ.

ಫ್ಯಾಕ್ಟರಿ ಅಕ್ಕ · ಅದೇ ದಿನ ರಾತ್ರಿ

ಇರ್ತೀನಿ. ಬೆಳಕಿರುವಾಗ ಬನ್ನಿ.